ಬೆಂಗಳೂರಿಂದ ದೆಹಲಿಗೆ ನಾಯಿ ಜೊತೆ ವಿಮಾನ: ಏರ್‌ಪೋರ್ಟ್ ಒಳಗೆ ಏನೇನು ನಡೆಯುತ್ತೆ?

ಶಾಮನೂರು ರೋಡ್:
ಎಲ್ಲರಿಗೂ ನಮಸ್ಕಾರ. ನಾವಿರೋದು ದಾವಣಗೆರೆ, ನಮ್ಮ ಮನೆಯವರಿಗೆ ದೆಹಲಿಗೆ ವರ್ಗ ಆಗಿದೆ. ಸಾಮಾನು ಲಾರಿಯಲ್ಲಿ ಹೋಗುತ್ತೆ, ಅವರೂ ಮಕ್ಕಳೂ ಮೊದಲೇ ಹೋಗ್ತಾರೆ. ಉಳಿದದ್ದು ನಾನು ಮತ್ತು ನಮ್ಮ ನಾಯಿ ಬೋರ. ಮುಧೋಳ ಕ್ರಾಸ್, ಮೂರು ವರ್ಷ, ಬರೀ ಕಾಲೇ ಕಾಲು. ಬೀದಿಯಲ್ಲಿ ಶೂರ, ಮನೆಯಲ್ಲಿ ಕುಕ್ಕರ್ ಕೂಗಿದರೆ ಮಂಚದ ಕೆಳಗೆ. ರೇಬಿಸ್ ಲಸಿಕೆ ಹಾಕಿಸಿದ್ದೀವಿ, ಪಶು ಆಸ್ಪತ್ರೆ ಡಾಕ್ಟರು ಸರ್ಟಿಫಿಕೇಟ್ ಬರೆದುಕೊಡ್ತೀನಿ ಅಂದಿದ್ದಾರೆ. ನನಗೆ ಗೊತ್ತಾಗಬೇಕಿರೋದು ಏರ್‌ಪೋರ್ಟ್ ಬಾಗಿಲು ದಾಟಿದ ಮೇಲಿನ ಕಥೆ. ನಾಯಿಯನ್ನು ಯಾರ ಕೈಗೆ ಕೊಡಬೇಕು? ಎಕ್ಸ್‌ರೇ ಮಷೀನಿಗೆ ಹಾಕ್ತಾರಾ? ನಮ್ಮ ಬೀದಿಯ ಗ್ರಿಲ್ ಅಂಗಡಿಯವರು ಕಬ್ಬಿಣದ ಪಂಜರ ಮಾಡಿಕೊಡ್ತೀನಿ ಅಂತಿದ್ದಾರೆ, ನಡೆಯುತ್ತಾ? ದಾರಿಗೆ ನಿದ್ದೆ ಮಾತ್ರೆ ಕೊಡಬಹುದಾ?

ಹರಿಹರದ ಮಾವ:
ಅಮ್ಮಾ, ವಿಮಾನದ ಉಸಾಬರಿ ಯಾಕ್ರಿ? ಸಂಪರ್ಕ ಕ್ರಾಂತಿ ರೈಲು ದಾವಣಗೆರಿ ಮ್ಯಾಲೇ ದೆಹಲಿಯ ನಿಜಾಮುದ್ದೀನ್‌ಗೆ ಹೋಗ್ತತಿ. ಫಸ್ಟ್ ಎಸಿಯೊಳಗ ಪೂರಾ ಕೂಪೆ ಹಿಡಿದ್ರ ನಾಯಿ ನಿಮ್ಮ ಕಾಲಬುಡಕ್ಕೇ ಮಲಗ್ತತಿ.

ಶಾಮನೂರು ರೋಡ್:
ವಿಚಾರಿಸಿದೆ ಮಾವ. ಕೂಪೆ ಸಿಗೋದು ಚಾರ್ಟ್ ಆದಾಗಲೇ ಖಾತ್ರಿ. ಸಿಗದಿದ್ದರೆ ಗಾರ್ಡ್ ಇರೋ ಬ್ರೇಕ್‌ವ್ಯಾನಿನ ಡಬ್ಬದಲ್ಲಿ ಹಾಕಬೇಕಂತೆ. ಅಷ್ಟು ದೂರ ಅದರಲ್ಲಿ ಬೋರನನ್ನು ಬಿಟ್ಟು ನನಗೆ ಕೂರಕ್ಕಾಗಲ್ಲ.

ದುರ್ಗದವ:
ಗ್ರಿಲ್ ಅಂಗಡಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೇ ಮೇಡಂ? ಕೊಡಬೇಡಿ. ಬರೀ ಸರಳಿನ ಪಂಜರ ಕೌಂಟರಿನಿಂದಲೇ ವಾಪಸ್ ಬರುತ್ತೆ. ವಿಮಾನದ ಹೊಟ್ಟೆಗೆ ಹೋಗೋ ಪೆಟ್ಟಿಗೆಗೆ ಐಎಟಿಎ (ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ) ನಿಯಮ ಇದೆ: ಗೋಡೆ ಗಟ್ಟಿ ಇರಬೇಕು, ಗಾಳಿಗೆ ಕಿಂಡಿ ಬೇಕು, ಉಚ್ಚೆ ಹೊಯ್ದರೆ ಹೊರಗೆ ಸೋರಬಾರದು, ಒಳಗಿಂದ ಎಷ್ಟು ತಳ್ಳಿದರೂ ಬಾಗಿಲು ತೆರೆದುಕೊಳ್ಳಬಾರದು. ಪ್ಲಾಸ್ಟಿಕ್ ಕ್ರೇಟ್ ತಗೊಂಡರೆ ಮೇಲಿನ ಅರ್ಧ, ಕೆಳಗಿನ ಅರ್ಧ ಜೋಡಿಸೋ ಪ್ಲಾಸ್ಟಿಕ್ ಕ್ಲಿಪ್ ಬಿಚ್ಚಿ ಬಿಸಾಕಿ, ಕಬ್ಬಿಣದ ಬೋಲ್ಟು ನಟ್ಟು ಹಾಕಿ.

ಅಳತೆ ಹೀಗೆ. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಟೇಪು ಹಿಡಿಯಿರಿ, ಅದಕ್ಕೆ ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿ. ಅದು ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಅದರ ಅಗಲ. ಎತ್ತರಕ್ಕೆ, ನಿಂತಾಗ ತಲೆಯೋ ಕಿವಿಯೋ ಯಾವುದು ಮೇಲಿದೆಯೋ ಅದು, ಜೊತೆಗೆ ಹಾಸಿಗೆಯ ದಪ್ಪ. ಮುಧೋಳಕ್ಕೆ ಸಮಸ್ಯೆ ಬರೋದು ಈ ಎತ್ತರದಲ್ಲೇ. ಲ್ಯಾಬ್ರಡಾರ್‌ಗೆ ಸಾಕಾಗುವ ಪೆಟ್ಟಿಗೆಯಲ್ಲಿ ಇದು ಕತ್ತು ಬಗ್ಗಿಸಿ ನಿಲ್ಲಬೇಕಾಗುತ್ತೆ. ಅಂಗಡಿಯಲ್ಲಿ 700 ನಂಬರ್ ಅಂತ ಸಿಗೋದು ಸುಮಾರು 48 ಇಂಚು ಉದ್ದ, 32 ಅಗಲ, 35 ಎತ್ತರ.

ಪೆಟ್ಟಿಗೆ ದೊಡ್ಡದಾದರೆ ತೂಕವೂ ಏರುತ್ತೆ. ನಾಯಿ, ಪೆಟ್ಟಿಗೆ ಸೇರಿ 32 ಕೆಜಿ ದಾಟಿದರೆ ಬ್ಯಾಗೇಜಿನಲ್ಲಿ ತಗೊಳ್ಳಲ್ಲ, ಕಾರ್ಗೋಗೆ ಹೋಗಿ ಅನ್ನೋ ಕಂಪನಿಗಳಿವೆ. ಕಾರ್ಗೋ ಅಂದರೆ ಬೇರೆ ಕಟ್ಟಡ, ಬೇರೆ ಕಾಗದಪತ್ರ. ನಿಮ್ಮೂರಲ್ಲಿ ಎಪಿಎಂಸಿ ಇದೆಯಲ್ಲ, ಗೊತ್ತಿರೋ ಮಂಡಿಗೆ ಹೋಗಿ ಮೆಕ್ಕೆಜೋಳ ತೂಗೋ ಸ್ಕೇಲಿನ ಮೇಲೆ ಎರಡನ್ನೂ ಇಟ್ಟು ತೂಗಿಸಿ. ಆ ಅಂಕಿ ಹೇಳಿ ಕಂಪನಿಗೆ ಫೋನ್ ಮಾಡಿ. ಅವರು ಹೂಂ ಅಂದ ಮೇಲೇ ನಿಮ್ಮ ಟಿಕೆಟ್. ಇಂಡಿಗೋದಲ್ಲಿ ಸಾಕುಪ್ರಾಣಿಗೆ ಜಾಗ ಇಲ್ಲ. ಏರ್ ಇಂಡಿಯಾ ಒಯ್ಯುತ್ತೆ, ಆಕಾಸಾ 2022ರ ನವೆಂಬರಿನಿಂದ ಶುರು ಮಾಡಿದೆ.

ಇನ್ನು ಬ್ಯಾಗೇಜಿನಲ್ಲಿ ಒಪ್ಪಿದರೆ ಏರ್‌ಪೋರ್ಟ್ ಕಥೆ. ನೀವು ಕೌಂಟರಿಗೇ ಹೋಗಬೇಕು, ಮೂರು ಗಂಟೆ ಮುಂಚೆ. ಲಸಿಕೆ ಪುಸ್ತಕ (ಚುಚ್ಚಿಸಿ 30 ದಿನ ಆಗಿರಬೇಕು, ವರ್ಷ ದಾಟಿರಬಾರದು), ಡಾಕ್ಟರ ಸರ್ಟಿಫಿಕೇಟು, ಎರಡಕ್ಕೂ ಜೆರಾಕ್ಸ್. ಸರ್ಟಿಫಿಕೇಟನ್ನು ಹೊರಡೋ ಒಂದೆರಡು ದಿನ ಮುಂಚೆಯಷ್ಟೇ ಬರೆಸಿ, ಹಳೇ ತಾರೀಕಿದ್ದರೆ ತಗಾದೆ. ನಾಯಿಗೇನಾದರೂ ಆದರೆ ನಾವು ಹೊಣೆಯಲ್ಲ ಅನ್ನೋ ಫಾರಂಗೆ ಸಹಿ ಹಾಕಿಸಿಕೊಳ್ತಾರೆ, ಓದಿದರೆ ಹೊಟ್ಟೆ ತೊಳೆಸುತ್ತೆ, ಹಾಕಲೇಬೇಕು. ದುಡ್ಡು ಬೇರೆ, ನಿಮ್ಮ ಪುಕ್ಕಟೆ ಬ್ಯಾಗೇಜಿನಲ್ಲಿ ನಾಯಿಯ ತೂಕ ವಜಾ ಆಗಲ್ಲ.

ಆಮೇಲೆ ದೊಡ್ಡ ಸಾಮಾನು ತಪಾಸಣೆ ಮಾಡೋ ಕಡೆ ಕರೆದೊಯ್ತಾರೆ. ಎಕ್ಸ್‌ರೇಗೆ ಹೋಗೋದು ಖಾಲಿ ಪೆಟ್ಟಿಗೆ ಮಾತ್ರ, ನಾಯಿಯಲ್ಲ. ಅಷ್ಟು ಹೊತ್ತು ಅದು ನಿಮ್ಮ ಕೈಯಲ್ಲಿ. ನಿಜವಾದ ಅಪಾಯ ಇರೋದು ಇಲ್ಲೇ. ಬೆಲ್ಟಿನ ಸದ್ದು, ಟ್ರಾಲಿ, ಕನ್ನಡಿ ಥರ ನುಣುಪು ನೆಲ. ನಮ್ಮದು ನಾಲ್ಕೂ ಕಾಲು ಅಗಲಿಸಿ ನೆಲಕ್ಕೆ ಒರಗಿಬಿಟ್ಟಿತು, ಎತ್ತಿಕೊಂಡೇ ನಿಂತಿದ್ದೆ. ಮುಧೋಳದ ತಲೆ ಸಣ್ಣದು, ಕತ್ತು ಹೆಚ್ಚುಕಮ್ಮಿ ಅಷ್ಟೇ ದಪ್ಪ. ಮಾಮೂಲಿ ಕಾಲರ್ ಆದರೆ ಹೆದರಿ ಹಿಂದಕ್ಕೆ ಎಳೆದಾಗ ಕಿವಿ ದಾಟಿ ಕಳಚಿಕೊಂಡು ಬರುತ್ತೆ. ಎದೆ ಸುತ್ತ ಕಟ್ಟೋ ಹಾರ್ನೆಸ್ ಹಾಕಿ, ಬಾರನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಿ. ಮತ್ತೆ ಒಳಗೆ ಬಿಟ್ಟ ಮೇಲೆ ಬಾಗಿಲಿನ ನಾಲ್ಕು ಮೂಲೆಗೂ ಜಿಪ್‌ಟೈ ಬಿಗಿಯಿರಿ.

ನಿದ್ದೆ ಮಾತ್ರೆ ಬೇಡವೇ ಬೇಡ. ಮಂಕಾದ ನಾಯಿಯನ್ನು ಹತ್ತಿಸಿಕೊಳ್ಳಲ್ಲ, ಎತ್ತರದಲ್ಲಿ ರಕ್ತದೊತ್ತಡ, ಉಸಿರಾಟ ಏರುಪೇರಾದರೆ ನೋಡೋರೂ ಇರಲ್ಲ. ಮುಧೋಳದಂಥ ಬೇಟೆನಾಯಿಗಳಿಗೆ ಮಂಪರಿನ ಕೆಲವು ಔಷಧಿ ಬೇಗ ಇಳಿಯೋದೂ ಇಲ್ಲ. ಅದರ ಬದಲು ಪೆಟ್ಟಿಗೆ ಈಗಲೇ ತಂದು ಬಾಗಿಲು ತೆಗೆದಿಟ್ಟು ಅದರೊಳಗೇ ಊಟ ಹಾಕಿ. ತಾನಾಗೇ ಹೋಗಿ ಮಲಗೋ ತನಕ ಟಿಕೆಟ್ ತಾರೀಕು ಗೊತ್ತು ಮಾಡಬೇಡಿ.

ಗುಂಡಣ್ಣನ ಅಪ್ಪ:
ನಮ್ಮದು ಪಗ್. ಇದೇ ಥರ ಕಳಿಸಬಹುದಾ?

ದುರ್ಗದವ:
ಹೊಟ್ಟೆಯಲ್ಲಿ ಬೇಡ ಸರ್. ಮೊಂಡುಮೂಗಿನ ಜಾತಿಗೆ ಸೆಕೆಯಲ್ಲಿ ಉಸಿರು ಕಟ್ಟುತ್ತೆ, ಕಂಪನಿಯವರೂ ಒಪ್ಪೋದು ಕಷ್ಟ. ಸಣ್ಣದಿದ್ದರೆ ಕ್ಯಾಬಿನ್ನಿಗೆ ಆಗುತ್ತಾ ಕೇಳಿ.

ಶಾಮನೂರು ರೋಡ್:
ಅಣ್ಣ, ತುಂಬಾ ಉಪಕಾರ ಆಯ್ತು. ಅಳೆದೆ, 700 ನಂಬರೇ ಬೇಕು. ಬೋರ 22 ಕೆಜಿ ಇದ್ದಾನೆ, ಪೆಟ್ಟಿಗೆಯೂ ಸೇರಿದರೆ 32 ದಾಟುತ್ತೇನೋ. ಅಂದರೆ ಕಾರ್ಗೋ ಪಾಲೇ ಏನೋ, ನಾಳೆ ಫೋನ್ ಮಾಡಿ ಕೇಳ್ತೀನಿ. ಊರಿಂದ ಎಷ್ಟೊತ್ತಿಗೆ ಬಿಡಬೇಕು, ಊಟ ಯಾವಾಗ ಹಾಕಬೇಕು?

ದುರ್ಗದವ:
ಮುಂಜಾನೆ ವಿಮಾನ ಹಿಡಿಯಿರಿ, ಹಿಂದಿನ ರಾತ್ರಿ ಊರು ಬಿಡಿ. ಬೆಂಗಳೂರು ಒಳಗೆ ಹೋಗಬೇಡಿ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ಊಟ ಮನೆಯಲ್ಲೇ, ಸಂಜೆ ಬೇಗ ಮುಗಿಸಿ. ಶಿರಾ ಹತ್ತಿರ ಒಮ್ಮೆ ಇಳಿಸಿ ನೀರು ಕುಡಿಸಿ, ಏರ್‌ಪೋರ್ಟ್ ಹೊರಗೆ ಇನ್ನೊಮ್ಮೆ ಅಡ್ಡಾಡಿಸಿ. ಬಟ್ಟಲಿಗೆ ನೀರು ಹಾಕಿ ಫ್ರೀಜರಿನಲ್ಲಿ ಗಟ್ಟಿ ಮಾಡಿ ಐಸ್‌ಬಾಕ್ಸಿನಲ್ಲಿ ತನ್ನಿ, ಬಾಗಿಲು ಬಿಗಿಯೋ ಮುಂಚೆ ಸಿಕ್ಕಿಸಿ. ಹತ್ತಿಸುವಾಗ ಚೆಲ್ಲಲ್ಲ, ಆಮೇಲೆ ಕರಗಿ ಕುಡಿಯೋಕೆ ಸಿಗುತ್ತೆ. ಸೀಟಿನಲ್ಲಿ ಕೂತ ಕೂಡಲೇ ಗಗನಸಖಿಗೆ, ಕೆಳಗೆ ನಮ್ಮ ನಾಯಿ ಇದೆ, ಕ್ಯಾಪ್ಟನ್ನಿಗೆ ಗೊತ್ತಿದೆಯಾ ಕೇಳಿ ಹೇಳಮ್ಮಾ ಅನ್ನಿ. ಉತ್ತರ ಬರೋ ತನಕ ಬೆಲ್ಟ್ ಹಾಕಿಕೊಂಡು ಇನ್ನೊಂದು ಸಲ ಕೇಳಿದರೂ ಯಾರೂ ಬೈಯಲ್ಲ.