ಅಪ್‌ಡೇಟ್: ಪೋರ್ಟ್ ತೆರೆಯದೆಯೇ ಊರಿನ ಮನೆಯ ಕ್ಯಾಮೆರಾ ನೋಡುತ್ತಿದ್ದೇನೆ

ತೀರ್ಥಹಳ್ಳಿಯ ಮನೆಯಲ್ಲಿ ಒಬ್ಬರೇ ಇರುವ ಅಮ್ಮನಿಗಾಗಿ ಹಾಕಿಸಿದ ಕ್ಯಾಮೆರಾವನ್ನು ಬೆಂಗಳೂರಿನಿಂದ ನೋಡಲು ರೌಟರ್‌ನಲ್ಲಿ 554ನೇ ಪೋರ್ಟ್ (ಕ್ಯಾಮೆರಾದ ವೀಡಿಯೊ ಸಾಗುವ ಸಂಪರ್ಕ ದ್ವಾರ) ಹೊರಗಿನಿಂದ ಬರುವ ಸಂಪರ್ಕಕ್ಕೆ ತೆರೆಯಬಹುದೇ ಎಂದು ಹಿಂದೆ ಕೇಳಿದ್ದೆ. ಬೇಡವೆಂದು ಎಚ್ಚರಿಸಿದವರಿಗೆ ನಾನು ನಿಜಕ್ಕೂ ಋಣಿ. ಪರಿಶೀಲಿಸಿದಾಗ ಇಂಟರ್ನೆಟ್ ಕಂಪನಿಯಿಂದ ರೌಟರ್‌ಗೆ ಸಿಕ್ಕಿದ್ದ ಐಪಿ ವಿಳಾಸ 100.72 ಎಂದು ಆರಂಭವಾಗುತ್ತಿತ್ತು. ಅಂದರೆ ಅನೇಕ ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಳ್ಳುವ ಸಿಜಿನ್ಯಾಟ್ ಇದ್ದುದರಿಂದ, ಪೋರ್ಟ್ ತೆರೆದಿದ್ದರೂ ಹೊರಗಿನಿಂದ ಸಂಪರ್ಕ ಸಿಗುತ್ತಿರಲಿಲ್ಲ. ಹಾಗಾಗಿ ಅಮ್ಮನ ಮನೆಯಲ್ಲಿ ಸದಾ ಚಾಲೂ ಇರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಟೇಲ್‌ಸ್ಕೇಲ್ (ನಮ್ಮ ಸಾಧನಗಳನ್ನಷ್ಟೇ ಖಾಸಗಿ ಜಾಲದಲ್ಲಿ ಜೋಡಿಸುವ ತಂತ್ರಾಂಶ) ಅಳವಡಿಸಿ, ಅದನ್ನೇ ಸಬ್‌ನೆಟ್ ರೌಟರ್ (ಆ ಖಾಸಗಿ ಜಾಲದಿಂದ ಮನೆಯ ಕ್ಯಾಮೆರಾಗೆ ದಾರಿ ಕೊಡುವ ಸಾಧನ) ಮಾಡಿ, ನನ್ನ ಮತ್ತು ತಂಗಿಯ ಫೋನುಗಳಿಗೆ ಮಾತ್ರ ಪ್ರವೇಶ ಕೊಟ್ಟಿದ್ದೇನೆ. ಸಾಧನಗಳು ತಾವಾಗಿಯೇ ಪೋರ್ಟ್ ತೆರೆಯಲು ಬಿಡುವ ಯುಪಿಎನ್‌ಪಿ ಸೌಲಭ್ಯವನ್ನು ಆಫ್ ಮಾಡಿ, ಮೊದಲಿನ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ನವೀಕರಿಸಿದ್ದೂ ಆಯಿತು. ಅಮ್ಮ ಬೆಳಿಗ್ಗೆ ತುಳಸಿಕಟ್ಟೆಗೆ ನೀರೆರೆಯುವುದು ದೃಶ್ಯದೊಳಗೆ ಬರುತ್ತಿತ್ತು. ಅವರಿಗೆ ಅದು ಸಂಕೋಚವೆನಿಸಿದ್ದರಿಂದ ಕ್ಯಾಮೆರಾವನ್ನು ಗೇಟಿನ ಕಡೆಗಷ್ಟೇ ತಿರುಗಿಸಿದ್ದೇನೆ.