ಸಹಾಯ ಬೇಕು: ಅಮ್ಮನೊಂದಿಗೆ ಮಿನಿಕಾಯ್ ದ್ವೀಪಕ್ಕೆ

ಗೆಳೆಯರೇ, ಲಕ್ಷದ್ವೀಪದ ದಕ್ಷಿಣ ತುದಿಯಲ್ಲಿರುವ ಮಿನಿಕಾಯ್‌ಗೆ ಅಮ್ಮನನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅಗತ್ತಿ, ಬಂಗಾರಂ ಬಗ್ಗೆ ಮಾಹಿತಿ ಬೇಕಾದಷ್ಟು ಸಿಗುತ್ತದೆ. ಉಳಿದ ದ್ವೀಪಗಳಿಂದ ದೂರ, ಒಂಬತ್ತು ಡಿಗ್ರಿ ಕಾಲುವೆ ಎಂಬ ಅಗಲವಾದ ಕಡಲ ಹಾದಿಯ ಆಚೆಗೆ ಒಂಟಿಯಾಗಿರುವ ಮಿನಿಕಾಯ್ ಬಗ್ಗೆ ಹೇಳುವವರೇ ಕಡಿಮೆ. ಹೋಗಿ ಬಂದವರಿದ್ದರೆ ದಯವಿಟ್ಟು ತಿಳಿಸಿ.

ಪ್ರವೇಶ ಪರವಾನಗಿ ಬೇಕು, ಕೊಚ್ಚಿಯಿಂದ ಹಡಗು ಹಿಡಿಯಬೇಕು, ಮಳೆಗಾಲದಲ್ಲಿ ಕಡಲು ಕೆರಳಿದರೆ ಹಡಗಿನ ವೇಳೆ ಏರುಪೇರಾಗುತ್ತದೆ. ಇಷ್ಟು ಗೊತ್ತು. ನನ್ನ ಚಿಂತೆಯೆಲ್ಲ ಇಳಿಯುವ ಹೊತ್ತಿನದು. ಹಡಗು ದಡದಿಂದ ದೂರ ನಿಂತರೆ, ಅಲೆಗೆ ಏರಿಳಿಯುವ ಸಣ್ಣ ದೋಣಿಗೆ ಕಾಲಿಡಬೇಕಲ್ಲವೇ? ಅಮ್ಮನಿಗೆ ಮಂಡಿನೋವು. ಕೈಹಿಡಿದು ಇಳಿಸುವವರು ಇರುತ್ತಾರೆಯೇ? ಯಾವ ತಿಂಗಳಲ್ಲಿ ಸಮುದ್ರ ಶಾಂತವಾಗಿರುತ್ತದೆ? ರಾತ್ರಿ ಪ್ರಯಾಣಕ್ಕೆ ಮಲಗುವ ಬರ್ತ್ ಸಿಗುವುದೇ? ವಾಂತಿಗೆ ಮಾತ್ರೆ ಯಾವಾಗ ನುಂಗಿದರೆ ಒಳ್ಳೆಯದು?

1885ರ ದೀಪಸ್ತಂಭವನ್ನು ನಾನೊಬ್ಬಳೇ ಹತ್ತಿ ಬರುತ್ತೇನೆ, ಅದಕ್ಕೆ ತೊಂದರೆಯಿಲ್ಲ. ಆದರೆ ಅಲ್ಲಿನ ಮೀನುಗಾರರು ಗಾಳದ ಕೋಲಿನಿಂದ ಸೂರೆ (ಟ್ಯೂನಾ) ಮೀನು ಹಿಡಿಯುವುದನ್ನು ನೋಡುವ ಆಸೆ ಇಬ್ಬರಿಗೂ ಇದೆ. ಜೀವಂತ ಸಣ್ಣ ಮೀನುಗಳನ್ನು ನೀರಿಗೆ ಎರಚಿ, ಮುತ್ತಿಬಂದ ಮೀನುಗಳನ್ನು ಒಂದೊಂದಾಗಿ ದೋಣಿಗೆ ಎಳೆದುಹಾಕುತ್ತಾರಂತೆ. ಬಲೆ ಬೀಸದ ಈ ವಿಧಾನದ ಮೇಲೆ ನನಗೆ ತುಂಬ ಗೌರವವಿದೆ. ಅವರ ಕೆಲಸಕ್ಕೆ ಅಡ್ಡಿಯಾಗದಂತೆ ನೋಡಲು ಯಾರನ್ನು ಕೇಳಬೇಕು?

ಪರವಾನಗಿ ಕೈಗೆ ಬರಲು ನಿಮಗೆ ಎಷ್ಟು ದಿನ ಹಿಡಿಯಿತು ಎಂಬುದನ್ನೂ ಬರೆಯಿರಿ. ರಜೆಗೆ ಅರ್ಜಿ ಹಾಕುವುದು ಅದರ ಮೇಲೆಯೇ ನಿಂತಿದೆ.