ಜಂಗ್ ತೆಗೆದ ಉಳಿ, ಬಾಚಿ ಮರುದಿನಾನೇ ಮತ್ತ ಕೆಂಪಾಗ್ಲಕತ್ತಾವ, ಏನ್ ಮಾಡ್ಲಿ?

ಜೇವರ್ಗಿ ರೈತ:
ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಮುತ್ಯಾ ಬಡಿಗತನ ಮಾಡ್ತಿದ್ದ. ಅವನ ನಾಕು ಉಳಿ, ಒಂದು ಬಾಚಿ, ರಂದಾದ ಬ್ಲೇಡು ಹೊಲದ ಪತ್ರಾಸ್ ಶೆಡ್ಡಿನ್ಯಾಗ ಚೀಲದಾಗ ಸುತ್ತಿ ಇಟ್ಟಿದ್ವು. ಹತ್ತು ವರ್ಷ ಯಾರೂ ಮುಟ್ಟಿಲ್ಲ, ಪೂರಾ ಜಂಗ್. ವಿನೆಗರ್‌ನ್ಯಾಗ ಎರಡು ದಿನ ನೆನೆಸಿ ತಂತಿ ಬ್ರಷ್‌ಲೇ ತಿಕ್ಕಿದೆ, ಬೂದಿ ಬಣ್ಣಕ್ಕ ಬಂದ್ವು. ತೊಳೆದು, ಒರೆಸಿ, ರಾತ್ರಿ ಅದೇ ಶೆಡ್ಡಿನ್ಯಾಗ ಇಟ್ಟೆ. ಮುಂಜಾನಿ ನೋಡಿದ್ರ ಕುಂಕುಮ ಉದುರಿಸಿದಂಗ ಕೆಂಪು! ಮೂರು ಸಲ ಮಾಡ್ದೆ, ಮೂರು ಸಲಾನೂ ಅದೇ ಕಥಿ. ನಡುವ ವಿನೆಗರ್ ಚೆಲ್ಲಿ ಅಂಗಳದ ಫರ್ಸಿ ಮ್ಯಾಲ ಬಿಳಿ ಕಲಿ ಬಿದ್ದು, ಅವ್ವನ ಕೈಲಿ ಬೈಸ್ಕೊಂಡಿದ್ದು ಬ್ಯಾರೆ.

ಸುರಪುರ ವೆಲ್ಡರ್:
ವಿನೆಗರ್ ಬಿಡ್ರಿ ಅಣ್ಣಾ. ಸಂಡಾಸ ತೊಳೆಯೋ ಆಸಿಡ್ ಹಾಕಿದ್ರ 10 ನಿಮಿಷದ ಕೆಲಸ. ಇಲ್ಲಂದ್ರ ಕುಲುಮಿಯಾಗ ಕೆಂಪಗ ಕಾಯಿಸಿ ಬಡೀರಿ, ಚಕ್ಕಿ ಚಕ್ಕಿ ಉದುರ್ತದ.

ಬೀದರ್ ಹಳೇ ಸಾಮಾನು:
ಎರಡೂ ಬ್ಯಾಡ್ರಿ. ಕೆಂಪಗ ಕಾಯಿಸಿದ್ರ ಉಳಿಯ ಪದ, ಅಂದ್ರ ಉಕ್ಕಿನ ಗಟ್ಟಿತನ, ಹೋಗ್ತದ, ಆಮ್ಯಾಲ ಬಾಯಿ ನಿಲ್ಲಂಗಿಲ್ಲ, ಬೇವಿನ ಕಟಗಿಗೂ ಮಡಚ್ಕೋತದ. ಸಂಡಾಸದ ಆಸಿಡ್ ಅಂದ್ರ ಹೈಡ್ರೋಕ್ಲೋರಿಕ್ ಆಸಿಡ್. ಅದರ ಹೊಗಿ ಬಾಜೂ ಇಟ್ಟ ಒಳ್ಳೇ ಕಬ್ಬಿಣಕ್ಕೂ ಜಂಗ್ ಹಿಡಸ್ತದ, ಎದಿಗೂ ಒಳ್ಳೇದಲ್ಲ.

ಜೇವರ್ಗಿಯವರಾ, ಎರಡು ಮಾತು ಕೇಳ್ತೀನಿ. ತೊಳೆದ ಮ್ಯಾಲ ಎಣ್ಣಿ ಹಚ್ಚಿದ್ರೇನು? ಶೆಡ್ಡಿನ್ಯಾಗ ಮತ್ತೇನೇನ್ ಇಟ್ಟೀರಿ?

ಫರ್ಸಿ ವಿಷಯ: ನಮ್ಮ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಹುಳಿ ಬಿದ್ರ ಬುರುಬುರು ಅಂತದ, ಮ್ಯಾಲಿನ ನುಣುಪು ತಿಂದು ಹಾಕ್ತದ. ಆ ಕಲಿ ತೊಳೆದ್ರ ಹೋಗಂಗಿಲ್ಲ, ಆ ಜಾಗಾನೇ ಮತ್ತ ಪಾಲಿಶ್ ಮಾಡಸ್ಬೇಕು. ಇನ್ನ ಮ್ಯಾಲ ಬಕೆಟ್ ಮಣ್ಣಿನ ಮ್ಯಾಲ ಇಡ್ರಿ.

ಜೇವರ್ಗಿ ರೈತ:
ಎಣ್ಣಿ ಹಚ್ಚಿಲ್ರಿ. ಪೂರಾ ಹೋದ ಮ್ಯಾಲ ಹಚ್ಚಿದ್ರಾತು ಅಂದ್ಕೊಂಡಿದ್ದೆ. ಶೆಡ್ಡಿನ್ಯಾಗ ತೊಗರಿ ಬೀಜ, ಸ್ಪ್ರೇ ಪಂಪು, ಯೂರಿಯಾ, ಪೊಟ್ಯಾಶ್ ಅದಾವ. ಈಗ ನೀವು ಕೇಳಿದ ಮ್ಯಾಲ ಹೋಗಿ ನೋಡಿದೆ. ಉಳಿ ಸುತ್ತಿದ್ದ ಚೀಲಾನೂ ಪೊಟ್ಯಾಶ್ ಖಾಲಿ ಚೀಲಾನೇ.

ಬೀದರ್ ಹಳೇ ಸಾಮಾನು:
ಹಾಂ, ಕಳ್ಳ ಸಿಕ್ಕ. ಅಂಗಡ್ಯಾಗ ಪೊಟ್ಯಾಶ್ ಅಂತ ಕೊಡೋದು ಹೆಚ್ಚಾಗಿ ಪೊಟ್ಯಾಶಿಯಂ ಕ್ಲೋರೈಡ್, ಅಡಿಗಿ ಉಪ್ಪಿನ ತಮ್ಮ. ಹತ್ತು ವರ್ಷ ಆ ಉಪ್ಪು ಜಂಗಿನ ತೂತುಗಳ ಒಳಗ ಇಳಿದದ. ಗಾಳ್ಯಾಗಿನ ಪಸಿ ಎಳ್ಕೊಂಡು ತಳದಾಗೇ ಕಬ್ಬಿಣ ತಿನ್ನಲಕತ್ತದ. ವಿನೆಗರ್ ಮ್ಯಾಲಿನ ಜಂಗ್ ತಗೀತದ, ಉಪ್ಪು ಪೂರಾ ತಗ್ಯಂಗಿಲ್ಲ. ಅದರಾಗ ಹುಳಿಯಾಗ ಮಿಂದ ಬೋಳು ಕಬ್ಬಿಣಕ್ಕ ಶ್ರಾವಣದ ಗಾಳಿ ಒಂದು ರಾತ್ರಿ ತಾಗಿದ್ರ ಸಾಕು. ಬ್ಯಾಸಗ್ಯಾಗ ಮಾಡಿದ್ರ ಇಷ್ಟು ಲಗೂ ಗೊತ್ತಾಗ್ತಿದ್ದಿಲ್ಲ.

ಹಿಂಗ ಮಾಡ್ರಿ. ಕಟಗಿ ಹಿಡಿ ಬಿಚ್ಚಿ ತಗೀರಿ. ಒಂದು ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಹಾಕ್ರಿ. ಕಿರಾಣಿ ಅಂಗಡ್ಯಾಗ ನಿಂಬೆ ಉಪ್ಪು ಅಂದ್ರ ಕೊಡ್ತಾರ. ಎರಡು ದಿನ ಬಿಡಬ್ಯಾಡ್ರಿ, ತಾಸಿಗೊಮ್ಮೆ ತಗದು ತಿಕ್ಕಿ ನೋಡ್ರಿ. ಜಾಸ್ತಿ ಬಿಟ್ರ ಹುಳಿ ಒಳ್ಳೇ ಕಬ್ಬಿಣಾನೂ ತಿಂತದ. ಆಮ್ಯಾಲ ಬಟ್ಟಿ ಒಗಿಯೋ ಸೋಡಾ ಹಾಕಿದ ನೀರಾಗ ಅರ್ಧ ತಾಸು ಕುದಿಸ್ರಿ, ನೀರು ಚೆಲ್ಲಿ ಹೊಸ ನೀರಾಗ ಮತ್ತ ಕುದಿಸ್ರಿ. ಮೂರು ಸಲ. ಉಪ್ಪು ಹೊರಗ ಬರೋದು ಇಲ್ಲೇ, ಬ್ಯಾಸರ ಮಾಡ್ಕೊಬ್ಯಾಡ್ರಿ. ಕಡೀದು ಫಿಲ್ಟರ್ ನೀರು ಇರ್ಲಿ, ಬೋರಿನ ನೀರಾಗ ಮೊದಲೇ ಉಪ್ಪು. ಕುದಿಯೋ ನೀರಿಂದ ಪದ ಹೋಗಂಗಿಲ್ಲ, ಹೆದರಬ್ಯಾಡ್ರಿ. ಆದ್ರ ಜರ್ಮನ್ ಪಾತ್ರಿ ತಗೋಬ್ಯಾಡ್ರಿ, ಸೋಡಾ ಅಲ್ಯೂಮಿನಿಯಂ ತಿಂತದ. ಮತ್ತ ಅವ್ವನ ಕೈಲಿ ಬೈಸ್ಕೋತೀರಿ. ಇಕ್ಕಳಲೇ ಬಿಸಿ ಬಿಸಿ ತಗದ್ರ ತಾನೇ ಒಣಗ್ತದ. ಬೆಚ್ಚಗ ಇರೋವಾಗೇ ಎಣ್ಣಿ ಹಚ್ಚಿ ಬಿಡ್ರಿ.

ಸುರಪುರ ವೆಲ್ಡರ್:
ಪೊಟ್ಯಾಶ್ ಚೀಲ ಅಂದ್ರ ನಂದು ತಪ್ಪಾತು ಬಿಡ್ರಿ, ಆಸಿಡ್ ಹಾಕಿದ್ರ ಮತ್ತಷ್ಟು ಕ್ಲೋರೈಡೇ ತುಂಬ್ತಿತ್ತು. ಮನ್ಯಾಗ ಕುಸುಬಿ ಎಣ್ಣಿ ಅದ, ನಡೀತದೇನು?

ಬೀದರ್ ಹಳೇ ಸಾಮಾನು:
ಬ್ಯಾಡ. ಕುಸುಬಿ ಎಣ್ಣಿ ಗಾಳಿಗೆ ಒಣಗಿ ಅಂಟಂಟ ಆಗ್ತದ, ಧೂಳು ಹಿಡೀತದ. ಹೊಲಿಗಿ ಮಶೀನಿನ ಎಣ್ಣಿ ಸಾಕು. ಅಗಸಿ ಎಣ್ಣಿ ಕಟಗಿ ಹಿಡಿಗೆ ಛಲೋ, ಒರೆಸಿದ ಅರಿವಿ ಮಾತ್ರ ಮುದ್ದಿ ಮಾಡಿ ಒಗೀಬ್ಯಾಡ್ರಿ, ತಾನೇ ಕಾದು ಬೆಂಕಿ ಹತ್ತತದ.

ಹಾಂ, ಮತ್ತೊಂದು. ಹುಳಿ ನೀರು ಉಳಿದದ ಅಂತ ಮನ್ಯಾಗಿನ ಬಿದರಿ ಹೂಜಿ ಅದರಾಗ ಎದ್ದಬ್ಯಾಡ್ರಿ. ಅದು ಸತು, ಸ್ವಲ್ಪ ತಾಮ್ರ ಸೇರಿದ್ದು. ಹುಳಿ ಸತು ತಿಂತದ, ಬೀದರ್ ಕೋಟೆಯ ಮಣ್ಣು ಹಚ್ಚಿ ತಂದ ಕರೀ ಬಣ್ಣ ಹೋಗ್ತದ. ನಮ್ಮ ಓಣ್ಯಾಗ ಒಬ್ಬರು ಮಾಡ್ಕೊಂಡು ಅತ್ತಾರ.

ಜೇವರ್ಗಿ ರೈತ:
ಎಂಟು ದಿನ ಆತ್ರಿ. ಮೂರು ಉಳಿ, ರಂದಾ ಬ್ಲೇಡು ಹಂಗೇ ಅದಾವ, ಒಂದು ಚುಕ್ಕಿನೂ ಇಲ್ಲ. ನಾಕನೇ ಉಳಿ, ಬಾಚಿ ಎರಡರದೂ ಆಳ ತೂತುಗಳಾಗ ಸಾಸಿವಿಯಷ್ಟು ಕೆಂಪು ಮತ್ತ ಬಂದದ. ಅವನ್ನ ಇನ್ನೆರಡು ಸಲ ಕುದಿಸ್ಲಕತ್ತೀನಿ. ಸಾಮಾನೆಲ್ಲ ಶೆಡ್ಡಿನಿಂದ ತಂದು ಅಡಿಗಿ ಮನಿ ಮಾಡದಾಗ ಇಟ್ಟೀನಿ. ಅವ್ವ ಇನ್ನಾ ನೋಡಿಲ್ಲ.